ನಿಂತು, ನೋಡಿ, ಹಿಂದಕ್ಕೆ ಬನ್ನಿ



ಕಾರು ಓಡಿಸಲು ಕಲಿಯುತ್ತಿರುವ ಯಾರನ್ನಾದರೂ ಕೇಳಿ ನೋಡಿ, ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು ಎಂದು. ಮುಂದಕ್ಕೆ ಓಡಿಸುವುದು ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತದೆ. ಗೇರು ಬದಲಾಯಿಸುವುದು, ಏರಿನಲ್ಲಿ ನಿಲ್ಲಿಸಿ ಹೊರಡಿಸುವುದು ಇವೂ ನಿಧಾನವಾಗಿ ರೂಢಿಯಾಗುತ್ತವೆ. ಆದರೆ ನಿಂತಿರುವ ಎರಡು ಕಾರುಗಳ ನಡುವಿನ ಜಾಗಕ್ಕೆ ತನ್ನ ಕಾರನ್ನು ಹಿಂದುಹಿಂದಾಗಿ ತಂದು ನಿಲ್ಲಿಸಬೇಕೆಂದರೆ ಅಂಗೈ ಬೆವರುತ್ತದೆ. ಲೈಸೆನ್ಸ್ ಪಡೆದು ಎಷ್ಟೋ ವರ್ಷಗಳಾದ ಮೇಲೂ ಈ ಕಷ್ಟಕ್ಕೆ ಹೆದರಿ, ದೂರದಲ್ಲೆಲ್ಲೋ ನಿಲ್ಲಿಸಿ ಬಿಸಿಲಿನಲ್ಲಿ ನಡೆದು ಬರುವವರನ್ನು ನೀವೂ ಕಂಡಿರಬಹುದು.

ಪ್ರಬೋಧನೆ ಮಾಡಬೇಕಾದ ಗುರುಗಳು ಕಾರಿನ ಮಾತನ್ನೇಕೆ ಎತ್ತಿದರು ಎಂದು ನಿಮಗೆ ಅನ್ನಿಸೀತು. ಯೇಸುಸ್ವಾಮಿ ಬೀಜ, ಬಲೆ, ಹುಳಿಹಿಟ್ಟು, ಕಳೆದುಹೋದ ನಾಣ್ಯ ಹೀಗೆ ಜನರ ಕೈಯಲ್ಲಿ ದಿನವೂ ಆಡುವ ವಸ್ತುಗಳಿಂದಲೇ ದೇವರ ರಾಜ್ಯವನ್ನು ಬೋಧಿಸಿದರು. ಇಂದು ನಮ್ಮಲ್ಲಿ ಅನೇಕರ ಕೈಯಲ್ಲಿ ದಿನವೂ ಆಡುವುದು ಸ್ಟಿಯರಿಂಗ್. ಅದೂ ನಮಗೆ ಪಾಠ ಹೇಳಬಲ್ಲದು. ಪ್ರವಾದಿಗಳು ಜನರನ್ನು ಮನಪರಿವರ್ತನೆಗೆ ಕರೆಯುವಾಗ ಬಳಸಿದ ಹಿಬ್ರೂ ಪದ ‘ಶೂವ್’. ಅದರ ನೇರ ಅರ್ಥ ‘ತಿರುಗು, ಹಿಂದಿರುಗು’ ಎಂಬುದೇ. ಹಿಂದಕ್ಕೆ ಬರುವುದನ್ನು ಕಲಿಯುವುದೇ ಕ್ರೈಸ್ತ ಬಾಳಿನ ಮೊದಲ ಪಾಠ.

‘ನೇಗಿಲಿಗೆ ಕೈಯಿಟ್ಟವನು ಹಿಂದೆ ನೋಡಬಾರದೆಂದು ಪ್ರಭುವೇ ಹೇಳಿಲ್ಲವೇ, ಲೋಟನ ಹೆಂಡತಿ ಹಿಂದಿರುಗಿ ನೋಡಿದ್ದಕ್ಕೇ ಅಲ್ಲವೇ ಉಪ್ಪಿನ ಕಂಬವಾದದ್ದು’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಲೋಟನ ಹೆಂಡತಿ ಹಿಂದೆ ನೋಡಿದ್ದು ಬಿಟ್ಟುಬಂದ ಬದುಕಿನ ಮೇಲಿನ ಆಸೆಯಿಂದ. ದುಂದುಗಾರ ಮಗ ಹಿಂದೆ ನೋಡಿದ್ದು ತಂದೆಯ ಮನೆಯ ನೆನಪಿನಿಂದ. ಒಬ್ಬಳು ನಿಂತಲ್ಲೇ ಕಲ್ಲಾದಳು, ಇನ್ನೊಬ್ಬನು ಎದ್ದು ಹೊರಟನು. ಹಿಂದೆ ನೋಡುವುದು ಪಾಪವಲ್ಲ. ಯಾವುದಕ್ಕಾಗಿ ನೋಡುತ್ತೇವೆ ಎಂಬುದೇ ಮುಖ್ಯ.

ಮೊದಲು ನಿಲ್ಲಬೇಕು

ಹಿಂದಕ್ಕೆ ತಂದೇ ಏಕೆ ನಿಲ್ಲಿಸಬೇಕು, ಮೂತಿಯನ್ನು ನೇರವಾಗಿ ಒಳಗೆ ನುಗ್ಗಿಸಿದರೆ ಆಗದೇ? ಕಾರಿನಲ್ಲಿ ತಿರುಗುವುದು ಮುಂದಿನ ಗಾಲಿಗಳು, ಹಿಂದಿನವು ತಿರುಗುವುದಿಲ್ಲ. ಮುಂದಕ್ಕೆ ಹೋಗುತ್ತಾ ಇಕ್ಕಟ್ಟಿನ ಜಾಗಕ್ಕೆ ತಿರುಗಿಸಿದರೆ ಹಿಂದಿನ ಗಾಲಿಗಳು ಒಳಮೈಯಲ್ಲಿ ಸಾಗಿ, ಪಕ್ಕದ ಕಾರಿಗೆ ನಮ್ಮ ಕಾರಿನ ಪಕ್ಕೆ ಉಜ್ಜುವಂತಾಗುತ್ತದೆ. ಹಿಂದಕ್ಕೆ ಬರುವಾಗ ಹಾಗಲ್ಲ. ಹಿಂದಿನ ಗಾಲಿಗಳು ಮೊದಲು ಜಾಗದೊಳಗೆ ಸೇರಿಕೊಳ್ಳುತ್ತವೆ, ಮೂತಿ ಹೊರಗಿನ ಬಯಲಿನಲ್ಲಿ ಹೊರಳಿ ನೇರವಾಗುತ್ತದೆ. ಹೀಗೆ ನಿಲ್ಲಿಸಿದ ಕಾರು ಹೊರಡುವಾಗ ರಸ್ತೆಯನ್ನು ಕಣ್ಣೆದುರೇ ಕಾಣುತ್ತಾ ಹೊರಡುತ್ತದೆ. ಒಳಗೆ ಬರುವಾಗ ಪಟ್ಟ ಕಷ್ಟ, ಹೊರಗೆ ಹೋಗುವಾಗ ಸುಖ. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕೂಡ, ಕಾರು ಕಲಿತವನು ಇಕ್ಕಟ್ಟಿನ ಜಾಗಕ್ಕೆ ವಾಹನವನ್ನು ಹಿಡಿತ ತಪ್ಪದೆ ಹಿಂದಕ್ಕೆ ತರಬಲ್ಲನೇ ಎಂಬುದನ್ನು ಚಾಲನಾ ಪರೀಕ್ಷೆಯಲ್ಲಿ ನೋಡಬೇಕೆಂದು ಹೇಳುತ್ತವೆ.

ಆದರೆ ರಿವರ್ಸ್ ಗೇರು ಬೀಳಬೇಕಾದರೆ ಕಾರು ಪೂರ್ತಿ ನಿಂತಿರಬೇಕು. ಮುಂದಕ್ಕೆ ಉರುಳುತ್ತಿರುವಾಗಲೇ ಗೇರು ಎಳೆದರೆ ‘ಕರ್’ ಎಂದು ಹಲ್ಲು ಕಡಿಯುವ ಸದ್ದು ಬರುತ್ತದೆ. ಎಷ್ಟೋ ಕಾರುಗಳಲ್ಲಿ ಗೇರಿನ ಕಡ್ಡಿಯನ್ನು ಒತ್ತಬೇಕು, ಇಲ್ಲವೇ ಅದರ ಬಳೆಯನ್ನು ಎತ್ತಬೇಕು. ಕೈತಪ್ಪಿ ರಿವರ್ಸ್ ಬೀಳದಿರಲೆಂದೇ ಈ ಏರ್ಪಾಟು. ಮನಪರಿವರ್ತನೆಯೂ ಹೀಗೆಯೇ. ಅದು ಕೈತಪ್ಪಿ ಆಗುವಂಥದ್ದಲ್ಲ, ಮನಸ್ಸು ಮಾಡಿ ಆಗಬೇಕಾದದ್ದು. ‘ಕುಡಿತ ಬಿಡುತ್ತೇನೆ ಫಾದರ್, ಈ ಹಬ್ಬವೊಂದು ಕಳೆಯಲಿ’ ಎನ್ನುವವರು, ‘ತಮ್ಮನೊಡನೆ ರಾಜಿಯಾಗುತ್ತೇನೆ, ಆಸ್ತಿಯ ಕೇಸು ಮುಗಿಯಲಿ’ ಎನ್ನುವವರು ಮುಂದಕ್ಕೆ ಉರುಳುತ್ತಲೇ ಹಿಂದಕ್ಕೆ ಬರಲು ನೋಡುತ್ತಾರೆ. ಅದರಿಂದ ಸದ್ದು ಬರುತ್ತದೆಯೇ ಹೊರತು ಕಾರು ಹಿಂದಕ್ಕೆ ಬರುವುದಿಲ್ಲ. ದುಂದುಗಾರ ಮಗನು ಹಂದಿಗಳ ನಡುವೆ ಒಂದು ಗಳಿಗೆ ನಿಂತು ತನ್ನೊಳಗೆ ತಾನು ಬಂದನಲ್ಲ, ಆ ನಿಲುಗಡೆಯಿಂದಲೇ ಅವನ ಮರುಪ್ರಯಾಣ ಆರಂಭವಾಯಿತು.

ಕನ್ನಡಿ ತೋರಿಸದ ಜಾಗ

ಹಿಂದಕ್ಕೆ ಬರುವವನಿಗೆ ಕನ್ನಡಿ ಬೇಕು. ಆದರೆ ಕಾರಿನ ಪಕ್ಕದ ಕನ್ನಡಿಯ ಗುಣವನ್ನು ತಿಳಿದಿರಬೇಕು. ಅದು ಸಾಮಾನ್ಯವಾಗಿ ಉಬ್ಬುಗನ್ನಡಿ. ಹೆಚ್ಚು ಅಗಲವನ್ನು ತೋರಿಸುತ್ತದೆ ನಿಜ, ಆದರೆ ಎಲ್ಲವನ್ನೂ ಚಿಕ್ಕದಾಗಿ, ಇರುವುದಕ್ಕಿಂತ ದೂರವಿದ್ದಂತೆ ತೋರಿಸುತ್ತದೆ. ಇನ್ನೂ ಜಾಗವಿದೆ ಎಂದುಕೊಂಡವನು ಗೋಡೆಗೆ ತಾಗಿಸುತ್ತಾನೆ. ನಮ್ಮ ತಪ್ಪುಗಳನ್ನು ನಾವೇ ನೋಡಿಕೊಳ್ಳುವ ಕನ್ನಡಿಯೂ ಹೆಚ್ಚಾಗಿ ಇಂಥದ್ದೇ. ನಮ್ಮ ಸಿಟ್ಟು ಚಿಕ್ಕದಾಗಿ ಕಾಣುತ್ತದೆ, ಅದರಿಂದಾಗುವ ಹಾನಿ ಎಲ್ಲೋ ದೂರದಲ್ಲಿದ್ದಂತೆ ಕಾಣುತ್ತದೆ. ಕನ್ನಡಿಯಲ್ಲಿ ಮುಖ ನೋಡಿ, ಪಕ್ಕಕ್ಕೆ ಸರಿದೊಡನೆ ತಾನು ಹೇಗಿದ್ದೇನೆಂಬುದನ್ನೇ ಮರೆಯುವವನ ವಿಷಯವನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಬರೆದಿದ್ದಾರೆ. ಆದ್ದರಿಂದಲೇ ಲೊಯೋಲದ ಸಂತ ಇಗ್ನಾಸಿಯವರು ದಿನದ ಆತ್ಮಶೋಧನೆಗೆ ಅಷ್ಟು ಮಹತ್ವ ಕೊಟ್ಟರು.

ಎಷ್ಟು ಒಳ್ಳೆಯ ಕನ್ನಡಿಯಿದ್ದರೂ ಅದು ತೋರಿಸದ ಜಾಗವೊಂದು ಉಂಟು. ಕಾರಿನ ಬೆನ್ನಿಗೆ ತೀರಾ ಹತ್ತಿರ, ತಗ್ಗಿನಲ್ಲಿ ಕುಳಿತ ಮಗುವನ್ನು ಯಾವ ಕನ್ನಡಿಯೂ ತೋರಿಸದೆ ಹೋಗಬಹುದು. ಇದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ, ಆದರೂ ಬರೆಯಲೇಬೇಕು. 2002ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಬ್ಬ ವೈದ್ಯರು ತಮ್ಮ ಮನೆಯ ಮುಂದೆಯೇ ವಾಹನವನ್ನು ಹಿಂದಕ್ಕೆ ತೆಗೆಯುವಾಗ ಅವರದೇ ಎರಡು ವರ್ಷದ ಮಗ ಗಾಲಿಗೆ ಸಿಕ್ಕಿ ತೀರಿಕೊಂಡಿತು. ಆ ತಂದೆ ಮಕ್ಕಳ ವೈದ್ಯರು. ಊರಿನ ಮಕ್ಕಳನ್ನು ಕಾಪಾಡುವುದೇ ಅವರ ವೃತ್ತಿ. ಅವರು ದುಃಖದಲ್ಲೇ ಮುಳುಗಿಹೋಗದೆ, ಇತರ ತಂದೆತಾಯಿಗಳೊಡನೆ ಸೇರಿ ವರ್ಷಗಟ್ಟಲೆ ಹೋರಾಡಿದರು. 2008ರಲ್ಲಿ ಆ ಮಗುವಿನ ಹೆಸರಿನಲ್ಲೇ ಕಾನೂನಾಯಿತು. ಅದರ ಫಲವಾಗಿ 2018ರ ಮೇ ತಿಂಗಳಿಂದ ಆ ದೇಶದ ಹೊಸ ಕಾರುಗಳಲ್ಲಿ ಹಿಂಬದಿಯನ್ನು ತೋರಿಸುವ ಕ್ಯಾಮರಾ ಕಡ್ಡಾಯವಾಯಿತು. ನಮ್ಮ ದೇಶದಲ್ಲಿಯೂ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ.

ಆದರೂ ಸೆನ್ಸರನ್ನೇ ನಂಬಿ ಕೂರಬೇಡಿ. ತಗ್ಗಿನ ಕಲ್ಲು, ತೆಳುವಾದ ಕಂಬ ಅದರ ಕಣ್ಣಿಗೂ ತಪ್ಪಬಹುದು. ಕಾರು ಹತ್ತುವ ಮುನ್ನ ಒಂದು ಸುತ್ತು ನಡೆದು ನೋಡಿ. ಅಂಗಳದಲ್ಲಿ ಮಕ್ಕಳಿದ್ದರೆ ಅವರು ಎಲ್ಲಿದ್ದಾರೆಂದು ಕಣ್ಣಾರೆ ಕಂಡು, ಯಾರಾದರೂ ದೊಡ್ಡವರ ಕೈಗೆ ಒಪ್ಪಿಸಿದ ಮೇಲೆ ಕೀಲಿ ತಿರುಗಿಸಿ. ಅಪ್ಪ ಬಂದರೆಂದು ಓಡಿಬರುವ ಮಗು ಅಪ್ಪನ ಗಾಲಿಯ ಹತ್ತಿರಕ್ಕೇ ಓಡಿಬರುತ್ತದೆ. ಕೊಲ್ಲಬಾರದೆಂಬ ದೇವರ ಆಜ್ಞೆ ಕೈಯಲ್ಲಿ ಕತ್ತಿ ಹಿಡಿದವನಿಗೆ ಮಾತ್ರ ಕೊಟ್ಟದ್ದಲ್ಲ. 2007ರಲ್ಲಿ ವ್ಯಾಟಿಕನ್ ಹೊರತಂದ, ರಸ್ತೆಯ ಪಾಲನಾಸೇವೆಯ ಕುರಿತ ಮಾರ್ಗದರ್ಶಿಯಲ್ಲಿ ಚಾಲಕರಿಗಾಗಿ ಹತ್ತು ಆಜ್ಞೆಗಳಿವೆ. ಅವುಗಳಲ್ಲಿ ಮೊದಲನೆಯದೂ ಇದೇ.

ಸುತ್ತಲೂ ನೋಡುವ ಸದ್ಗುಣ

ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಕಾರನ್ನು ಕಂಡವರಲ್ಲ. ಆದರೂ ಅವರು ತಮ್ಮ ‘ಸುಮ್ಮಾ ಥಿಯೊಲೊಜಿಯಾ’ ಗ್ರಂಥದಲ್ಲಿ ವಿವೇಕ ಎಂಬ ಸದ್ಗುಣವನ್ನು ವಿವರಿಸಿರುವುದನ್ನು ಓದಿದರೆ ಒಳ್ಳೆಯ ಡ್ರೈವಿಂಗ್ ಮೇಷ್ಟ್ರ ನೆನಪಾಗುತ್ತದೆ. ವಿವೇಕಕ್ಕೆ ಎಂಟು ಅಂಗಗಳು ಬೇಕೆಂದು ಅವರು ಹೇಳುತ್ತಾರೆ: ನೆನಪು, ತಿಳಿವು, ಹೇಳಿಸಿಕೊಳ್ಳುವ ಮನಸ್ಸು, ಚುರುಕು, ತರ್ಕ, ಮುಂದಾಲೋಚನೆ, ಸುತ್ತಲಿನ ಗಮನ ಮತ್ತು ಎಚ್ಚರ. ಹಿಂದಕ್ಕೆ ಬರುವವನಿಗೆ ಇವುಗಳಲ್ಲಿ ಯಾವುದು ಬೇಡ ಹೇಳಿ? ತನ್ನ ಕಾರಿನ ಉದ್ದಗಲದ ನೆನಪಿರಬೇಕು. ಕಾರು ಈಗ ಯಾವ ಕಡೆ ತಿರುಗುತ್ತಿದೆಯೆಂಬ ತಿಳಿವಿರಬೇಕು. ನಾಯಿಯೊಂದು ಅಡ್ಡ ಬಂದರೆ ಥಟ್ಟನೆ ಬ್ರೇಕು ಒತ್ತುವ ಚುರುಕಿರಬೇಕು. ಈ ಜಾಗಕ್ಕೆ ನಮ್ಮ ಕಾರು ಹಿಡಿಸುತ್ತದೆಯೇ ಎಂದು ಲೆಕ್ಕ ಹಾಕಬೇಕು, ಹಿಡಿಸದಿದ್ದರೆ ಹಟ ಮಾಡದೆ ಬಿಟ್ಟು ಮುಂದೆ ಹೋಗಬೇಕು.

ಅನೇಕರು ವಿವೇಕವೆಂದರೆ ಹೆದರಿಕೆ, ಯಾವುದಕ್ಕೂ ಕೈಹಾಕದಿರುವುದು ಎಂದು ತಿಳಿದಿದ್ದಾರೆ. ಹಾಗಲ್ಲ. ಹೆದರಿದವನು ಕಾರನ್ನು ಶೆಡ್ಡಿನಲ್ಲೇ ಇಡುತ್ತಾನೆ, ದುಡುಕಿನವನು ಗೋಡೆಗೆ ಗುದ್ದುತ್ತಾನೆ. ವಿವೇಕಿ ಹಾಫ್ ಕ್ಲಚ್ಚಿನಲ್ಲಿ, ಕಾಲು ಬ್ರೇಕಿನ ಮೇಲೇ ಇಟ್ಟು, ಗೇಣುಗೇಣಾಗಿ ಜಾಗ ಸೇರುತ್ತಾನೆ. ಮಕ್ಕಳ ಮದುವೆ, ಸಾಲ, ಮನೆ ಕಟ್ಟುವುದು, ಪರದೇಶದ ಕೆಲಸ ಇವುಗಳಲ್ಲಿ ತೀರ್ಮಾನ ತೆಗೆದುಕೊಳ್ಳುವ ಕುಟುಂಬಗಳಿಗೆ ಈ ನಡೆ ಎಷ್ಟು ಅಗತ್ಯ!

ಹಿಂದೆ ನಿಂತವರ ದನಿ

ಬಸ್ ನಿಲ್ದಾಣದಲ್ಲಿ ನೋಡಿದ್ದೀರಲ್ಲ, ದೊಡ್ಡ ಬಸ್ಸು ಹಿಂದಕ್ಕೆ ಬರಬೇಕಾದರೆ ಕಂಡಕ್ಟರು ಇಳಿದು ಹಿಂದೆ ನಿಂತು ಸೀಟಿ ಊದುತ್ತಾರೆ. ಎಷ್ಟು ನುರಿತ ಡ್ರೈವರಾದರೂ ಆ ಸೀಟಿಯನ್ನು ಕೇಳುತ್ತಾರೆ. ಅದರಿಂದ ಅವರ ಮಾನ ಹೋಗುವುದಿಲ್ಲ.

ಸಂಜೆಯ ಹೊತ್ತು ನಮ್ಮ ದೇವಾಲಯದ ಮೈದಾನಕ್ಕೆ ಕಾರು ಕಲಿಯಲು ಬರುವವರಿದ್ದಾರೆ. ಒಂದು ದಿನ ದಂಪತಿಗಳಿಬ್ಬರು ಎರಡು ಪ್ಲಾಸ್ಟಿಕ್ ಬಕೆಟ್ಟುಗಳನ್ನಿಟ್ಟು ಅಭ್ಯಾಸ ನಡೆಸಿದ್ದರು. ಹೆಂಡತಿ ಸ್ಟಿಯರಿಂಗ್ ಹಿಡಿದಿದ್ದರು, ಗಂಡ ಹಿಂದೆ ನಿಂತು ಕೂಗುತ್ತಿದ್ದರು. “ಎಡಕ್ಕೆ ಅಂದೆ, ಎಡಕ್ಕೆ! ಎಷ್ಟು ಸಲ ಹೇಳಬೇಕು ನಿನಗೆ?”

“ರೀ, ನಿಮ್ಮ ಎಡವೋ, ನನ್ನ ಎಡವೋ?” ಎಂದು ಆಕೆ ಕಿಟಕಿಯಿಂದ ಕೇಳಿದರು. ದನಿಯಲ್ಲಿ ಅಳುವಿತ್ತು.

ಹನ್ನೆರಡು ವರ್ಷದ ಅವರ ಮಗ ಮೆಟ್ಟಿಲ ಮೇಲೆ ಕುಳಿತಿದ್ದವನು ಎದ್ದು ಹೋಗಿ, ಕಾರಿನ ದಾರಿಯಿಂದ ಪಕ್ಕಕ್ಕೆ ಸರಿದು, ಕನ್ನಡಿಯಲ್ಲಿ ತಾಯಿಗೆ ಕಾಣುವಂತೆ ನಿಂತ. “ಅಮ್ಮಾ, ನಾನು ಮಾತಾಡಲ್ಲ. ನನ್ನ ಕೈ ತೋರಿಸಿದ ಕಡೆ ತಿರುಗಿಸು, ಸಾಕು” ಎಂದ. ಎರಡನೆಯ ಪ್ರಯತ್ನಕ್ಕೇ ಕಾರು ಬಕೆಟ್ಟುಗಳ ನಡುವೆ ಬಂದು ನಿಂತಿತು. ತಂದೆ ಏನೂ ಹೇಳದೆ ಹೋಗಿ ಮಗನ ಹೆಗಲ ಮೇಲೆ ಕೈಯಿಟ್ಟರು.

ತಂದೆಯ ಮಾತು ಸುಳ್ಳಾಗಿರಲಿಲ್ಲ. ಅವರು ನಿಂತ ಜಾಗದಿಂದ ಅದು ಎಡವೇ. ಆದರೆ ಕಾರಿನಲ್ಲಿ ಕುಳಿತವರಿಗೆ ಅದು ಉಪಯೋಗಕ್ಕೆ ಬರಲಿಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ಸತ್ಯವಾದ ಬುದ್ಧಿಮಾತುಗಳು ವ್ಯರ್ಥವಾಗುವುದು ಹೀಗೆಯೇ. ನಾವು ನಮ್ಮ ಎಡವನ್ನೇ ಎಡವೆಂದು ಕೂಗುತ್ತಿರುತ್ತೇವೆ. ದೇವರು ಹಾಗೆ ಮಾಡಲಿಲ್ಲ. ಅವರು ಸ್ವರ್ಗದಿಂದ ಕೂಗಿ ಹೇಳಿದಷ್ಟಕ್ಕೇ ಸುಮ್ಮನಾಗದೆ, ಮನುಷ್ಯರಾಗಿ ನಮ್ಮ ಪಕ್ಕಕ್ಕೆ ಬಂದು, ನಮ್ಮ ಕಣ್ಣಿಗೆ ಕಾಣುವಂತೆ ನಿಂತು, ನಮ್ಮ ಎಡವನ್ನು ಎಡವೆಂದೂ ಬಲವನ್ನು ಬಲವೆಂದೂ ಕಲಿಸಿದರು. ಇಮ್ಮಾನುವೇಲ್ ಎಂಬ ಹೆಸರಿನ ಅರ್ಥ ‘ದೇವರು ನಮ್ಮೊಡನೆ’ ಎಂದಲ್ಲವೇ? ಹೆಂಡತಿಗೆ, ಮಕ್ಕಳಿಗೆ, ವಯಸ್ಸಾದ ತಂದೆತಾಯಿಗೆ ಏನನ್ನಾದರೂ ಕಲಿಸುವವರು ಈ ದೈವಕ್ರಮವನ್ನು ನೆನೆಯಬೇಕು.

ಹೇಳುವವರಿಗೆ ಮಾತ್ರವಲ್ಲ, ಕೇಳುವವರಿಗೂ ಪಾಠವುಂಟು. ಸಂಖ್ಯಾಕಾಂಡದಲ್ಲಿ ಬಿಳಾಮನ ಕಥೆ ಬರುತ್ತದೆ. ಅವನ ಕತ್ತೆ ದಾರಿಯಲ್ಲಿ ಕತ್ತಿ ಹಿರಿದು ನಿಂತ ದೇವದೂತನನ್ನು ಕಂಡು ಮೊದಲು ಹೊಲಕ್ಕೆ ಇಳಿಯಿತು. ಆಮೇಲೆ ಎರಡು ಕಡೆಯೂ ಗೋಡೆಯಿದ್ದ ಇಕ್ಕಟ್ಟಿನ ದಾರಿಯಲ್ಲಿ ಅವನ ಕಾಲನ್ನು ಗೋಡೆಗೆ ಒತ್ತಿತು. ಕಡೆಗೆ ಎಡಕ್ಕೂ ಬಲಕ್ಕೂ ತಿರುಗಲು ಎಡೆಯಿಲ್ಲದ ಜಾಗದಲ್ಲಿ ಮಲಗಿಯೇ ಬಿಟ್ಟಿತು. ಮೂರು ಸಲವೂ ಬಿಳಾಮ ಅದನ್ನು ಹೊಡೆದ. ದಾರಿಯಲ್ಲಿದ್ದ ಅಪಾಯ ಪ್ರವಾದಿಯ ಕಣ್ಣಿಗೆ ಬೀಳಲಿಲ್ಲ, ಕತ್ತೆಯ ಕಣ್ಣಿಗೆ ಬಿತ್ತು! ಸೆನ್ಸರಿನ ‘ಬೀಪ್ ಬೀಪ್’ ಕಿರಿಕಿರಿಯೆಂದು ಪಾಟಿನ ಸದ್ದು ಹೆಚ್ಚಿಸುವವರು ಬಿಳಾಮನ ವಂಶದವರೇ ಸರಿ. ನಿಮ್ಮ ಮನೆಯಲ್ಲಿ ಯಾರ ಎಚ್ಚರಿಕೆ ನಿಮಗೆ ಕಿರಿಕಿರಿಯಾಗಿದೆ? ಕುಡಿತದ ಬಗ್ಗೆ ಹೆಂಡತಿ ಹೇಳುವ ಮಾತೇ? ಸಾಲದ ಬಗ್ಗೆ ತಾಯಿ ಕೇಳುವ ಪ್ರಶ್ನೆಯೇ? ನೀವು ಮನೆಗೆ ಬಂದೊಡನೆ ಮಗಳು ಮೌನವಾಗಿ ಒಳಕೋಣೆಗೆ ಹೋಗುವುದೇ? ಹೊಡೆಯುವ ಮುನ್ನ, ಗದರುವ ಮುನ್ನ ನಿಲ್ಲಿಸಿ ನೋಡಿ. ನೀವು ಕಾಣದ್ದನ್ನು ಅವರು ಕಂಡಿರಬಹುದು.

ಮೂತಿಯ ಮೇಲೂ ಕಣ್ಣಿರಲಿ

ಹಿಂದಕ್ಕೆ ಬರುವಾಗ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಕಾರಿನ ಬೆನ್ನು ಎಡಕ್ಕೆ ಹೋಗುತ್ತದೆ, ಅದೇ ಹೊತ್ತಿಗೆ ಮೂತಿ ಬಲಕ್ಕೆ ಹೊರಳುತ್ತದೆ. ಕಲಿಯುವವರು ಇದನ್ನು ಮರೆಯುತ್ತಾರೆ. ಹಿಂದೆ ನೋಡುವುದರಲ್ಲೇ ಮುಳುಗಿ, ಮುಂದಿನ ಮೂಲೆಯಿಂದ ಪಕ್ಕದವರ ಕಾರನ್ನು ಉಜ್ಜುತ್ತಾರೆ.

ಧ್ಯಾನಕೂಟದಿಂದ ಹೊಸ ಹುರುಪಿನಿಂದ ಮನೆಗೆ ಬಂದವರಲ್ಲಿಯೂ ಇದನ್ನು ಕಾಣಬಹುದು. ಕುಡಿತ ಬಿಟ್ಟವರು, ಜಪಸರ ಹಿಡಿದವರು, ಒಳ್ಳೆಯದೇ. ಆದರೆ ತಮ್ಮ ಹಿಂದಿನದನ್ನು ಸರಿಪಡಿಸುವ ಭರದಲ್ಲಿ, ಇಷ್ಟು ವರ್ಷ ತಮ್ಮನ್ನು ಸಹಿಸಿಕೊಂಡು ಬಂದ ಮನೆಯವರನ್ನೇ ‘ನಿಮಗೆ ಭಕ್ತಿಯಿಲ್ಲ’ ಎಂದು ಚುಚ್ಚುತ್ತಾರೆ. ನೀವು ದೇವರ ಕಡೆಗೆ ತಿರುಗುವಾಗ ನಿಮ್ಮ ಇನ್ನೊಂದು ತುದಿ ಯಾರಿಗೆ ತಾಗುತ್ತಿದೆ ಎಂಬುದನ್ನೂ ನೋಡಿಕೊಳ್ಳಿ. ನಿಧಾನವಾಗಿ ಬಂದವರು ಯಾರಿಗೂ ಗಾಯ ಮಾಡದೆ ಬರುತ್ತಾರೆ.

ಮತ್ತೆ ಮುಂದೆ ತೆಗೆದು

ಒಂದೇ ಸಲಕ್ಕೆ ಕಾರು ನೇರವಾಗಿ ನಿಲ್ಲದಿದ್ದರೆ ಏನು ಮಾಡಬೇಕು? ಸ್ವಲ್ಪ ಮುಂದೆ ತೆಗೆದು, ನೇರ ಮಾಡಿಕೊಂಡು, ಮತ್ತೆ ಹಿಂದಕ್ಕೆ ಬರಬೇಕು. ಇದರಲ್ಲಿ ಅವಮಾನವಿಲ್ಲ. ಅವಮಾನವೆಂದು ತಿಳಿದು ಸೊಟ್ಟಗೆ ಬಿಟ್ಟುಹೋಗುವವರಿಂದಲೇ ಇತರರಿಗೆ ತೊಂದರೆ. ಹಿಂದೆ ಕಾಯುತ್ತಿರುವವರು ಹಾರ್ನ್ ಮಾಡಿದರೆ ಮಾಡಲಿ. ಹಾರ್ನ್ ಮಾಡುವವರಿಗೂ ಒಂದು ಮಾತು: ನೀವೂ ಒಂದು ದಿನ ಕಲಿತವರೇ. ನಿಮ್ಮ ಅರ್ಧ ನಿಮಿಷದ ತಾಳ್ಮೆ ಒಬ್ಬರ ಧೈರ್ಯವನ್ನು ಉಳಿಸಬಲ್ಲದು.

‘ಅದೇ ಪಾಪವನ್ನು ಎಷ್ಟು ಸಲ ನಿವೇದಿಸುವುದು ಫಾದರ್, ನಾಚಿಕೆಯಾಗುತ್ತದೆ’ ಎಂದು ಪಾಪನಿವೇದನೆಗೆ ಬರುವುದನ್ನೇ ಬಿಟ್ಟವರಿದ್ದಾರೆ. ಸಂತ ಪೇತ್ರರು ಮೂರು ಸಲ ಪ್ರಭುವನ್ನು ಅರಿಯೆನೆಂದರು. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಅವರನ್ನು ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳಿದರು. ತಪ್ಪಿದಷ್ಟೇ ಸಲ ತಿದ್ದಿಕೊಳ್ಳಲು ಅವಕಾಶ ಕೊಟ್ಟರು. ಹಿಂದಿನಿಂದ ಹಾರ್ನ್ ಮಾಡುವ ದೇವರಲ್ಲ ನಮ್ಮ ದೇವರು.

ಗೆರೆಯಾಚೆ ನೆರೆಯವರಿದ್ದಾರೆ

ಕೊನೆಯದಾಗಿ ನೆರೆಯವರ ಮಾತು. ಅವರವರಿಗೆ ಸಲ್ಲಬೇಕಾದದ್ದನ್ನು ಅವರವರಿಗೆ ಸಲ್ಲಿಸುವುದೇ ನ್ಯಾಯವೆಂದು ಧರ್ಮಸಭೆ ಕಲಿಸುತ್ತದೆ. ಹಾಗಾದರೆ ನೆಲದ ಮೇಲೆ ಎಳೆದ ಬಿಳಿ ಗೆರೆಯೂ ನ್ಯಾಯದ ಗೆರೆಯೇ. ಎರಡು ಕಾರುಗಳ ಜಾಗದಲ್ಲಿ ಒಂದನ್ನು ಅಡ್ಡಾದಿಡ್ಡಿ ನಿಲ್ಲಿಸಿ ಬಲಿಪೂಜೆಗೆ ಬಂದು ಮೊಣಕಾಲೂರಿದವರು, ಅದೇ ಕಾರಣದಿಂದ ತಡವಾಗಿ ಬಂದ ಒಂದು ಕುಟುಂಬದ ಬಲಿಪೂಜೆಯನ್ನು ಕಿತ್ತುಕೊಂಡಿದ್ದಾರೆ. ಗೇಟಿಗೆ ಅಡ್ಡವಾಗಿ, ಗಾಲಿಕುರ್ಚಿಯ ಇಳಿಜಾರಿಗೆ ಅಡ್ಡವಾಗಿ ಕಾರು ನಿಲ್ಲಿಸಬೇಡಿ. ಆಂಬುಲೆನ್ಸ್ ಬರಬೇಕಾದ ದಿನ ಮೊದಲೇ ತಿಳಿಸಿ ಬರುವುದಿಲ್ಲ. ಸಹೋದರನಿಗೆ ನಿಮ್ಮ ಮೇಲೆ ಮನಸ್ತಾಪವಿರುವುದು ನೆನಪಿಗೆ ಬಂದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಎಂದು ಪ್ರಭು ಹೇಳಿದ್ದಾರೆ. ನಿಮ್ಮ ಕಾರು ಯಾರಿಗೋ ಅಡ್ಡವಾಗಿದೆಯೆಂದು ನೆನಪಾದರೆ ನನ್ನ ಪ್ರಬೋಧನೆಯ ನಡುವೆಯೇ ಎದ್ದು ಹೋಗಿ, ನನಗೆ ಬೇಸರವಿಲ್ಲ.

ಇನ್ನು, ಹಿಂದಕ್ಕೆ ಬರುವಾಗ ಬೇರೆಯವರ ಕಾರಿಗೆ ಗೀರು ಬಿತ್ತೆನ್ನಿ. ಯಾರೂ ನೋಡಲಿಲ್ಲ. ಆಗ ಏನು ಮಾಡುತ್ತೀರಿ? ಜಕ್ಕಾಯನು ತಾನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಎಲ್ಲರೆದುರೇ ಹೇಳಿದ. ನಾಲ್ಕರಷ್ಟು ಬೇಡ, ಹೆಸರೂ ಫೋನ್ ನಂಬರೂ ಬರೆದ ಒಂದು ಚೀಟಿಯನ್ನು ಆ ಕಾರಿನ ವೈಪರಿಗೆ ಸಿಕ್ಕಿಸಿ ಬನ್ನಿ. ನಿಮ್ಮ ಮಕ್ಕಳು ಹಿಂದಿನ ಸೀಟಿನಲ್ಲಿ ಕುಳಿತು ಅದನ್ನು ನೋಡುತ್ತಿದ್ದರೆ, ಒಂದು ವರ್ಷದ ಧರ್ಮೋಪದೇಶ ತರಗತಿಗಿಂತ ದೊಡ್ಡ ಪಾಠವನ್ನು ಅಂದೇ ಕಲಿಯುತ್ತಾರೆ.

ಇಸ್ರಯೇಲರು ಪಾಸ್ಖದ ಊಟವನ್ನು ಉಂಡದ್ದು ನಡುಕಟ್ಟಿಕೊಂಡು, ಕಾಲಿಗೆ ಕೆರ ಮೆಟ್ಟಿಕೊಂಡು, ಹೊರಡಲು ಸಿದ್ಧರಾಗಿ. ಹಿಂದಕ್ಕೆ ಬಂದು ರಸ್ತೆಗೆ ಮುಖಮಾಡಿ ನಿಂತ ಕಾರೂ ಹಾಗೆಯೇ ಸಿದ್ಧವಾಗಿರುತ್ತದೆ. ಕರೆ ಬಂದ ಗಳಿಗೆಯಲ್ಲಿ ತಡಬಡಿಸದೆ ಹೊರಡುತ್ತದೆ. ನಮಗೂ ಒಂದು ದಿನ ಕರೆ ಬರುತ್ತದೆ. ಹಿಂದಿನದನ್ನು ಅಂದು ಸರಿಪಡಿಸಲು ಕಾಲವಿರುವುದಿಲ್ಲ, ಇಂದು ಇದೆ.

ಆದ್ದರಿಂದ ಪ್ರಿಯರೇ, ಈ ವಾರ ಮೂರು ಕೆಲಸಗಳನ್ನು ಮಾಡೋಣ. ಪ್ರತಿರಾತ್ರಿ ಮಲಗುವ ಮುನ್ನ ಐದು ನಿಮಿಷ ನಿಂತು, ಕಳೆದ ದಿನವನ್ನು ಹಿಂದಿರುಗಿ ನೋಡೋಣ. ಮನೆಯವರಲ್ಲಿ ಒಬ್ಬರನ್ನು ಕರೆದು, ‘ನನಗೆ ಕಾಣದ ನನ್ನ ತಪ್ಪು ಯಾವುದು ಹೇಳು’ ಎಂದು ಕೇಳಿ, ಸಿಟ್ಟಾಗದೆ ಕೇಳಿಸಿಕೊಳ್ಳೋಣ. ಕಾರಿರುವವರು ಕೀಲಿ ತಿರುಗಿಸುವ ಮುನ್ನ ಒಂದು ಸುತ್ತು ನಡೆದು, ಶಿಲುಬೆಯ ಗುರುತು ಹಾಕಿಕೊಂಡು ಹೊರಡೋಣ.

ಹಿಂದಿರುಗಿ ಬರುವ ಮಗನನ್ನು ದೂರದಿಂದಲೇ ಕಂಡು ಓಡಿಬಂದ ಆ ತಂದೆ, ಹಿಂದಕ್ಕೆ ಬರಲು ಕಲಿಯುತ್ತಿರುವ ನಮ್ಮೆಲ್ಲರನ್ನೂ, ನಮ್ಮ ಅಂಗಳದಲ್ಲಿ ಆಡುವ ಮಕ್ಕಳನ್ನೂ ಕಾಪಾಡಲಿ. ಆಮೆನ್.